ತಲೆಗೆ ನಾಲ್ಕಾಣೆ

ಮಂಡ್ಯ
೧೯೪೦ನೇ ಇಸವಿ ಮೇ ೧೬, ಗುರುವಾರ

ಚಿ॥ ಸೌ॥ ಚೂಡಾಮಣಿಗೆ,

ನಿನ್ನ ಗಂಡ ಕಸ್ತೂರಿರಂಗನ ಆಶೀರ್ವಾದಗಳು. ಆಶೀರ್ವಾದದ ಜೊತೆಗೆ ಬೇರೆ ಕೆಲವನ್ನೂ ಬರೆಯುವ ಆಸೆಯಿತ್ತು. ಆದರೆ ನನ್ನ ಕಾಗದ ಬಂದರೆ ನಿಮ್ಮಮ್ಮ ನಿನ್ನ ಕೈಲಿ ಗಟ್ಟಿಯಾಗಿ ಓದಿಸುತ್ತಾರೆಂದು ಬರೆದಿದ್ದೆಯಲ್ಲ, ಅದಕ್ಕೇ ಅವನ್ನೆಲ್ಲ ಇಲ್ಲಿಯೇ ಇಟ್ಟುಕೊಂಡಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಲೇಹ್ಯ ಕಹಿಯೆಂದು ಯಾರೂ ನೋಡದಾಗ ಕಿಟಕಿಯಾಚೆ ಉಗುಳುತ್ತಿಲ್ಲ ತಾನೆ? ಪಾಪು ಮಗ್ಗುಲಾಗುತ್ತಾಳೆಯೇ? ನಾಮಕರಣಕ್ಕೆ ಮಳವಳ್ಳಿಗೆ ಬಂದಾಗ ನಾನು ಅವಳನ್ನು ಸರಿಯಾಗಿ ನೋಡಲೂ ಆಗಲಿಲ್ಲ. ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡು ಹೋಗುತ್ತಲೇ ಇದ್ದರು. ಇಲ್ಲಿ ಅಮ್ಮನ ಮಂಡಿನೋವೊಂದನ್ನು ಬಿಟ್ಟರೆ ಎಲ್ಲ ಕ್ಷೇಮ.

ಅವತ್ತು ನಿಮ್ಮ ತಂದೆ ಊಟದ ಎಲೆ ಮುಂದೆ, ಹತ್ತು ಜನ ಕೇಳುವಂತೆ ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ಹೆಡ್‌ಮಾಸ್ತರರ ದನಿ ನೋಡು, ಪಕ್ಕದ ಬೀದಿಗೂ ಕೇಳಿಸಿರಬೇಕು. "ಸಕ್ಕರೆ ಕಾರ್ಖಾನೇಲಿ ಕಬ್ಬು ತೂಗಿಸಿ ಬರಕೊಳ್ಳೋ ಕೆಲಸ, ತಿಂಗಳಿಗೆ ಇಪ್ಪತ್ತೆರಡು ರೂಪಾಯಿ, ಅದನ್ನ ಬಿಟ್ಟು ಕ್ಯಾಮರಾ ಹಿಡಿದಿದ್ದೀಯ. ಹಿಡಿ, ಬೇಡ ಅನ್ನೋಲ್ಲ. ಆದರೆ ಬಾಯಿಬಿಟ್ಟು ದುಡ್ಡು ಕೇಳೋದು ಕಲಿ. ಕಲಿತ ಮೇಲೆ ಹೆಂಡತಿ ಮಗೂನ ಕರಕೊಂಡು ಹೋಗು." ಸಿಟ್ಟು ಬಂತು, ನಿಜ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಇನ್ನೂ ಹೆಚ್ಚು ಬಂತು.

ಯಾಕೆಂದರೆ ಪಟ ತೆಗೆಯುವ ಅಂಗಡಿ ತೆರೆದ ಮೊದಲ ತಿಂಗಳು ನಾನು ಯಾವ ಮದುವೆಗೆ ಹೋದರೂ, ಎಷ್ಟು ಎಂದು ಕೇಳಿದವರಿಗೆಲ್ಲ "ನಿಮಗೆ ತೋಚಿದ್ದು ಕೊಡಿ" ಎನ್ನುತ್ತಿದ್ದೆ. ಅವರಿಗೆ ತೆಂಗಿನಕಾಯಿ ತೋಚುತ್ತಿತ್ತು. ಗುತ್ತಲಿನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂರಿಸಿ ಎರಡು ಸಲ ಹೋಳಿಗೆ ಬಡಿಸಿ, ತಾಂಬೂಲದ ಜೊತೆ ಎರಡು ಕಾಯಿ ಕೈಗಿಟ್ಟು, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಅಷ್ಟು ಮರ್ಯಾದೆ ಮಾಡಿದವರ ಹತ್ತಿರ ಕ್ಯಾಮರಾಕ್ಕೆ ಹಾಕುವ ಗಾಜಿನ ಪ್ಲೇಟಿನ ದುಡ್ಡು ಕೇಳುವುದು ಹೇಗೆ ಹೇಳು? ತಿಂಗಳ ಕೊನೆಗೆ ಮನೆಯಲ್ಲಿ ಹದಿನಾಲ್ಕು ತೆಂಗಿನಕಾಯಿ ಇದ್ದವು. ಅಮ್ಮ ದಿನವೂ ಚಟ್ನಿ ಅರೆದು ಅರೆದು, "ಇನ್ನೊಂದು ಮದುವೆಗೆ ಹೋದೆಯೋ, ನಾನು ನಿನ್ನ ತಂಗಿ ಮನೆಗೆ ಹೊರಟೆ" ಎಂದರು.

ಆಮೇಲೆ ಕೂತು ಯೋಚಿಸಿದೆ. ಆರು ವರ್ಷ ಕಬ್ಬಿನ ಗಾಡಿ ತೂಗಿಸಿದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಹೆಚ್ಚು ಭಾರಕ್ಕೆ ಹೆಚ್ಚು ದುಡ್ಡು, ಹೆಚ್ಚು ಜನಕ್ಕೆ ಹೆಚ್ಚು ದುಡ್ಡು. ಒಂದು ಹಲಗೆ ತಂದು "ತಲೆಗೆ ನಾಲ್ಕಾಣೆ" ಎಂದು ದಪ್ಪಕ್ಷರದಲ್ಲಿ ಬರೆದು ಅಂಗಡಿ ಮುಂದೆ ನೇತುಹಾಕಿದೆ. ಬಾಯಿಬಿಟ್ಟು ಕೇಳುವ ಗೋಜೇ ಇಲ್ಲ, ತಲೆ ಎಣಿಸಿದರೆ ಆಯಿತು. ಬಹಳ ಜಾಣತನ ಮಾಡಿದೆನೆಂದು ಒಬ್ಬನೇ ನಕ್ಕಿದ್ದೂ ಉಂಟು.

ಆ ಹಲಗೆ ಹಾಕಿ ಮೊದಲು ಹೋದದ್ದು ಹೊಳಲಿಗೆ, ಹುಚ್ಚೀರಯ್ಯ ಎಂಬ ಗೌಡರ ಮಗನ ಮದುವೆಗೆ. ದೊಡ್ಡ ಸಂಸಾರ. ನಾಲೆ ನೀರು ಬಂದ ಮೇಲೆ ಕಬ್ಬು ಹಾಕಿ ಕೈಯಲ್ಲಿ ದುಡ್ಡಾಡುತ್ತಿದೆ, ಆದರೆ ಕೈ ಬಿಚ್ಚುವುದಿಲ್ಲ. ಚಪ್ಪರದ ಮುಂದೆ ಎಲ್ಲರನ್ನೂ ನಿಲ್ಲಿಸಿ ಎಣಿಸಿದೆ. ಹದಿನೆಂಟು ತಲೆ, ನಾಲ್ಕೂವರೆ ರೂಪಾಯಿ ಎಂದೆ. ಗೌಡರು ಮೀಸೆ ಸವರಿಕೊಂಡು ಸಾಲನ್ನೊಮ್ಮೆ ನೋಡಿ, "ಏನ್ ಸ್ವಾಮಿ, ಮೊಕ ಕಾಣ್ದೆ ಓದ್ರೂ ತಲೆ ಲೆಕ್ಕವಾ?" ಎಂದರು. ನಾನು ಯಾವುದಕ್ಕೆ ಕೇಳುತ್ತಾರೆಂದು ಹೊಳೆಯದೆ, ಮುಖ ಕಾಣದಿದ್ದರೆ ದುಡ್ಡೇಕೆ ಎಂದುಬಿಟ್ಟೆ. ತಕ್ಷಣ ಅವರು ತಿರುಗಿ, "ಅಂಗಾದ್ರೆ ಎಣ್ಣೆಂಗ್ಸೆಲ್ಲ ಆ ಕಡೀಕೆ ತಿರೀಕೊಳ್ರವ್ವ" ಎಂದು ಕೂಗಿದರು.

ಮದುಮಗಳೊಬ್ಬಳನ್ನು ಬಿಟ್ಟು, ಗೌಡರ ತಾಯಿ ದೊಡ್ಡತಾಯಮ್ಮ, ಅವರ ಐದು ಜನ ಸೊಸೆಯಂದಿರು, ಆರು ಜನವೂ ತಿರುಗಿ ನಿಂತರು. ಚೂಡಾ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆ ತಳದ ಸೀರೆ ತೆಗೆದು ಉಟ್ಟು ಬಂದಿದ್ದ ಹೆಂಗಸರು. ಕ್ಯಾಮರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡಿದರೆ ಗಾಜಿನ ಮೇಲೆ ತಲೆಕೆಳಗಾಗಿ ಆರು ಬೆನ್ನು. ಮೊದಲು ನಗು ಬಂತು. ಕರಿಬಟ್ಟೆ ಇರುವುದು ಎಷ್ಟು ಅನುಕೂಲ ಎಂದುಕೊಂಡೆ. ಪಟ ತೆಗೆದು ಮೂರು ರೂಪಾಯಿ ಇಸಕೊಂಡು ಬಂದೆ.

ನಾಲ್ಕು ದಿನ ಬಿಟ್ಟು ಪಟ ಕೊಡಲು ಹೋದೆ. ಗೌಡರಿಗೆ ಬಹಳ ಖುಷಿ. ದೊಡ್ಡತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಪಟ ಈಸಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಹೋದರು. ಆಮೇಲೆ ನನ್ನ ಕಡೆ ತಿರುಗಿ, "ಇದ್ರಲ್ಲಿ ನಾನ್ಯಾರು ಸ್ವಾಮಿ?" ಎಂದರು. ನನಗೂ ತಿಳಿಯಲಿಲ್ಲ. ಅವರ ಬೆನ್ನನ್ನು ಅವರು ಯಾವತ್ತು ನೋಡಿದ್ದಾರೆ? ಸೊಸೆಯಂದಿರು ಬಂದು, ಇದು ನೀನು ಕಣತ್ತೆ, ಅಲ್ಲ ಇದು ಚಿಕ್ಕನಂಜಿ ಎಂದು ವಾದ ಮಾಡಿದರು. "ಓಗ್ಲಿ ಬುಡ್ರವ್ವ, ಯಾರೋ ಒಬ್ಬ್ರು ನಾನು" ಎಂದು ಮುದುಕಿ ಪಟ ವಾಪಸು ಕೊಟ್ಟರು. ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು. ನನಗೆ ನಿಂತಲ್ಲೇ ನಾಚಿಕೆಯಾಯಿತು. ಅವರನ್ನು ತಿರುಗಿಸಿ ನಿಲ್ಲಿಸಿದ್ದು ಗೌಡರಲ್ಲ, ನನ್ನ ಹಲಗೆ.

ಗಾಡಿಯಲ್ಲಿ ಕ್ಯಾಮರಾ ಇತ್ತು, ಒಂದು ಪ್ಲೇಟೂ ಇತ್ತು. ಇದು ನನ್ನ ಲೆಕ್ಕದ್ದು, ಎಲ್ಲರೂ ಮುಖ ಈ ಕಡೆ ಮಾಡಿ ನಿಲ್ಲಿ ಎಂದೆ. ದೊಡ್ಡತಾಯಮ್ಮನಿಗೆ ನಡುಮಧ್ಯೆ ಮಣೆ ಹಾಕಿಸಿದೆ. ಪುಕ್ಕಟೆ ಎಂದೊಡನೆ ಅಕ್ಕಪಕ್ಕದ ದಾಯಾದಿಗಳೂ ಬಂದರು. ಒಟ್ಟು ಮೂವತ್ತೊಂದು ಜನ, ಒಂದು ಕರು.

ಇನ್ನು ಮುಂದಿನದು ನೀನು ನಂಬುವುದಿಲ್ಲ. ಆ ಪಟ ಕೊಟ್ಟ ಮಾರನೆಯ ದಿನದಿಂದ ಒಬ್ಬೊಬ್ಬರಾಗಿ ಅಂಗಡಿಗೆ ಬರತೊಡಗಿದರು. ಮದ್ದೂರಿನಿಂದ ದೊಡ್ಡ ಸೊಸೆಯ ಅಣ್ಣ, ಕಿರುಗಾವಲಿನಿಂದ ಕಿರಿ ಸೊಸೆ ಚಿಕ್ಕನಂಜಮ್ಮನ ಅಪ್ಪ, ಆ ದಾಯಾದಿ, ಈ ದಾಯಾದಿ. ಎಲ್ಲರಿಗೂ ಅದೇ ಪಟದ ಒಂದೊಂದು ಪ್ರತಿ ಬೇಕು. ಒಂದಕ್ಕೆ ಹತ್ತಾಣೆ ಎಂದೆ. ಯಾರೂ ಚೌಕಾಸಿ ಮಾಡಲಿಲ್ಲ. ತನ್ನ ಮಗಳ ಮುಖವಿದ್ದರೆ ಅಪ್ಪ ಕೊಳ್ಳುತ್ತಾನೆ, ಬೆನ್ನನ್ನು ಯಾರು ಕೊಳ್ಳುತ್ತಾರೆ? ಹದಿನೇಳು ಪ್ರತಿ ಹೋದವು. ಹದಿನೇಳನೆಯದು ಹೋದ ದಿನವೇ ಹಳೆಯ ಹಲಗೆ ಕೆರೆದು ಹೊಸದಾಗಿ ಬರೆದೆ: ಪಟಕ್ಕೆ ಮೂರು ರೂಪಾಯಿ, ಎಷ್ಟು ಜನ ನಿಂತರೂ ಅಷ್ಟೇ, ಪ್ರತಿಗೆ ಹತ್ತಾಣೆ, ಅರ್ಧ ಮುಂಗಡ. ಹೋದ ಒಂದು ತಿಂಗಳಲ್ಲಿ ಖರ್ಚೆಲ್ಲ ಕಳೆದು ಇಪ್ಪತ್ತಾರು ರೂಪಾಯಿ ಉಳಿದಿದೆ. ಆದರೂ ನಿಮ್ಮ ತಂದೆಗೆ ಇದನ್ನು ಹೇಳಲು ಧೈರ್ಯ ಸಾಲದೆ ನಿನಗೆ ಬರೆಯುತ್ತಿದ್ದೇನೆ. ಹೊತ್ತು ನೋಡಿ ನೀನೇ ಹೇಳು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಮನೆ ಬಿಕೋ ಎನ್ನುತ್ತದೆ. ನೀವಿಬ್ಬರೂ ಬೇಗ ಬನ್ನಿ. ಇದನ್ನು ನಿಮ್ಮಮ್ಮ ಕೇಳಿಸಿಕೊಂಡರೂ ಚಿಂತೆಯಿಲ್ಲ.

ಹಿರಿಯರಿಗೆ ನನ್ನ ನಮಸ್ಕಾರ. ಪಾಪುವಿನ ಎರಡೂ ಕೆನ್ನೆಗೆ ಅವಳ ಅಪ್ಪನ ಮುತ್ತು.

ನಿನ್ನ
ಕಸ್ತೂರಿರಂಗ

ಮರೆಯುವ ಮುನ್ನ, ಅವಸರದಲ್ಲಿ: ಕಾಗದ ಮಡಿಸುತ್ತಿದ್ದೆ, ನಿಮ್ಮ ತಂದೆಯೇ ಬಂದುಬಿಟ್ಟರು! ಇಲ್ಲಿ ಕಚೇರಿ ಕೆಲಸವಿತ್ತಂತೆ, ಈಗ ಮೈಸೂರಿನ ರೈಲಿಗೆ ಹೋದರು, ಸೋಮವಾರ ಮಳವಳ್ಳಿಗೆ ಬರುತ್ತಾರೆ. ಹಲಗೆಯನ್ನು ಎರಡು ಸಲ ಓದಿದರು. ಒಳಗೆ ಕೂತು, ನನ್ನದೊಂದು ಪಟಕ್ಕೆ ಎಷ್ಟಪ್ಪ ಎಂದರು. ನಿಮ್ಮ ಹತ್ತಿರ ಎಂಥ ದುಡ್ಡು ಮಾವ ಎಂದೆ. ಎದ್ದು ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಅವರು ಹೊಸ್ತಿಲು ದಾಟುವಾಗ ನನಗೆ ಎಲ್ಲಿಂದ ಧೈರ್ಯ ಬಂತೋ, "ಮೂರು ರೂಪಾಯಿ ಮಾವ, ಅರ್ಧ ಮುಂಗಡ" ಎಂದು ಕೂಗಿದೆ. ಅವರು ವಾಪಸು ಬಂದು ಒಂದೂವರೆ ರೂಪಾಯಿ ಮೇಜಿನ ಮೇಲಿಟ್ಟರು. ಕುರ್ಚಿ ಸರಿಮಾಡಲು ಹೋದರೆ, "ಈಗ ಬೇಡ. ಎಷ್ಟು ಜನಕ್ಕೂ ಅಷ್ಟೇ ಅಂದ ಮೇಲೆ ನಾನೊಬ್ಬನೇ ಯಾಕೆ ಕೂರಲಿ? ಬುಧವಾರ ಎಲ್ಲರೂ ಬರ್ತೀವಿ" ಎಂದರು. ಪಟ ತೆಗೆದ ಮೇಲೆ ನೀನೂ ಪಾಪುವೂ ಇಲ್ಲೇ ಉಳಿಯುತ್ತೀರೋ ಎಂದು ಅವರನ್ನು ಕೇಳಲು ಮತ್ತೆ ನನ್ನ ಬಾಯಿ ಕಟ್ಟಿತು. ಹೋಗುವಾಗ ಅವರೇ ನನ್ನ ಕಡೆ ತಿರುಗಿ, "ನಿನ್ನ ಮನೆ ತೊಲೆ ತೊಟ್ಟಿಲು ಕಟ್ಟುವಷ್ಟು ಗಟ್ಟಿಯಿದೆಯೇನೋ?" ಎಂದು ಕೇಳಿದರು.