ಹಡಗಿನ ಮ್ಯಾಲೆ ಭಂಡಾರ

ತಂಗಿ ನಿಂಗಮ್ಮಗ, ನಿನ್ನ ಅಕ್ಕ ಈರಕ್ಕ ನೀರಿನ ನಡುವಿಂದ ಬರಿಯೋದು.

ವಿಮಾನದಾಗಾದ್ರ ಲಕ್ಷದ್ವೀಪ ಎರಡು ತಾಸಿನ್ಯಾಗ ಮುಟ್ತಿದ್ವಿ ಅಂತ ಮೊಮ್ಮಗಳು ಭೂಮಿಕಾ ಇನ್ನೂ ಗೊಣಗ್ತಾಳ. ನಿಮ್ಮ ಭಾವ ಕೇಳಬೇಕಲ್ಲ! "ಹಾರಿ ಹೋದ್ರ ನಡುವಿನ ದಾರಿ ಯಾರು ನೋಡಬೇಕು?" ಅಂದ್ರು. ಅದಕ್ಕ ಕೊಚ್ಚಿಯಾಗ ಹಡಗು ಹತ್ತಿದ್ವಿ. ನಮ್ಮ ಕುರಿಹಿಂಡಿನಂಗ ಇದೂ ಸಾವಕಾಶ ಹೊಂಟೈತಿ. ಆಕಾಶ ಯಾವುದು, ನೀರು ಯಾವುದು, ಒಂದೂ ಗೊತ್ತಾಗಂಗಿಲ್ಲ.

ಹೊಸ ಜಾಗದಾಗ ಕಂಬಳಿ ಹಾಸೋ ಮುಂಚೆ ಅರಿಶಿಣದ ಭಂಡಾರ ಚೆಲ್ಲಿ ಆ ನೆಲದ ಅಪ್ಪಣಿ ಕೇಳೋದು ಇವರ ರೂಢಿ, ನಿನಗ ಗೊತ್ತಲ್ಲ. ಇವತ್ತು ಮುಂಜಾನೆ ಸಮುದ್ರಕ್ಕೂ ಒಂದು ಹಿಡಿ ತೂರಿದ್ರು. ಗಾಳಿ ಅದನ್ನ ತಿರುಗಿ ತಂತು! ಹಳದಿ ಮೋಡ ಬಿಸಿಲಾಗ ತೇಲಿ ತೇಲಿ ಬಂದು, ಬಿಳಿ ಬಟ್ಟಿ ಹಾಕ್ಕೊಂಡಿದ್ದ ಹಡಗಿನ ಸಾಹೇಬನ ಮ್ಯಾಲೆ ಇಳೀತು. ಭೂಮಿಕಾ ಓಡಿಹೋಗಿ, "ನಮ್ಮ ತಾತ ಇಲ್ಲಿ ಮಲಗಾಕ ಅಪ್ಪಣಿ ಕೇಳ್ಯಾನ್ರಿ" ಅಂತ ಹಿಂದಿಯಾಗ ಹೇಳಿದ್ಲು. ಆತ ತನ್ನ ಹಳದಿ ಭುಜ ನೋಡ್ಕೊಂಡು, ಕೈ ಮುಗಿದು, "ಮಲಗಲಿ" ಅಂದ.

ನಿನ್ನೆ ನನಗ ವಾಂತಿ ಆಗಿತ್ತು, ಗುಳಿಗಿ ತಗೊಂಡೀನಿ. ಗುಡೇಕೋಟೆ ಮನಿ ಕೋಳಿಗೆ ನುಚ್ಚು ಹಾಕೋದು ಮರೀಬ್ಯಾಡ.

ದ್ವೀಪ ಬಂತು, ಎಲ್ಲರೂ ಇಳಿಯಾಕ ಹತ್ಯಾರ. ಈ ಕಾರ್ಡು ಅಲ್ಲಿ ಟಪಾಲಿಗೆ ಹಾಕಾಕ ಭೂಮಿಕಾನ ಕೈಯಾಗ ಕೊಟ್ಟು ಕಳಿಸ್ತೀನಿ. ನಾನು ಇಳಿಯಂಗಿಲ್ಲ. ಹೋದ ವರ್ಷ ಕುರಿ ಮಾರಿದಾಗಿನಿಂದ ನಿಮ್ಮ ಭಾವ ನೆಟ್ಟಗ ಕಣ್ಣು ಮುಚ್ಚಿದ್ದಿಲ್ಲ. ಈಗ ಕಂಬಳಿ ಮ್ಯಾಲೆ ಗೊರಕಿ ಹೊಡೀತಾರ. ದ್ವೀಪ ಎಲ್ಲಿಗೂ ಓಡಿ ಹೋಗಂಗಿಲ್ಲ ಬಿಡು.

ಅಕ್ಕ