ಗೇಟಿನಲ್ಲಿ ಹೇಳಿದ ಮಾತು

ಬುಧವಾರ, ಸಂಜೆ ಆರೂವರೆ

ಅತ್ತಿಗೆಯವರಿಗೆ,

ಕ್ಷೇಮಸಮಾಚಾರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ತಪ್ಪು ತಿಳಿಯಬೇಡಿ. ದಿನಚರಿ ಬರೆದು ಬರೆದು ಕೈಗೆ ಅದೇ ಅಭ್ಯಾಸವಾಗಿದೆ: ಮೊದಲು ಗಂಟೆ, ಆಮೇಲೆ ಆ ದಿನ ಆದದ್ದು. ಇವತ್ತು ಕೆಲಸಕ್ಕೆ ರಜೆ ಹಾಕಿದೆ. ಬೆಳಿಗ್ಗೆ ಚೂಟಿಯ ಶಾಲೆಗೆ ಹೋಗಿದ್ದೆ. ಮಧ್ಯಾಹ್ನ ಕೆಳಮನೆಯ ದರ್ಜಿಯಮ್ಮನ ಜೊತೆ ಜಗಳವಾಡಿದೆ. ಈಗ ಚೂಟಿ ಕಿಟಕಿಯ ಹತ್ತಿರ ಕೂತು ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಾಳೆ. ಸಮುದ್ರಕ್ಕೆ ಹಸಿರು ಬಳಿಯುತ್ತಿದ್ದಾಳೆ.

ನಿನ್ನೆ ಶಾಲೆಯ ಗೇಟಿನ ಹೊರಗೆ ನಿಂತಿದ್ದವರು ನೀವು. ಇವತ್ತು ಮಧ್ಯಾಹ್ನದವರೆಗೆ ಅದು ನನಗೆ ಗೊತ್ತಿರಲಿಲ್ಲ. ಗೇಟಿನ ಒಳಗೆ ಆಮೇಲೆ ಏನಾಯಿತು ಎನ್ನುವುದು ನಿಮಗೆ ಗೊತ್ತಿಲ್ಲ. ಈ ಕಾಗದ ಜಗಳಕ್ಕೆ ಬರೆದದ್ದಲ್ಲ. ಹಾಗೆಂದು ನನಗೆ ಸಿಟ್ಟಿಲ್ಲ ಎಂದೂ ತಿಳಿಯಬೇಡಿ.

ಆ ಶಾಲೆಯಲ್ಲಿ ಮಗುವನ್ನು ಕರೆದುಕೊಂಡು ಹೋಗಲು ಬಂದವರ ಫೋಟೊ ಶಾಲೆಯಲ್ಲಿರುವ ಮಗುವಿನ ಕಾರ್ಡಿನಲ್ಲಿರಬೇಕು. ಅದರ ಮೇಲೆ, ಮನೆಯವರು ಮೊದಲೇ ಗೊತ್ತುಮಾಡಿದ ಒಂದು ಗುಟ್ಟಿನ ಮಾತನ್ನೂ ಗೇಟಿನಲ್ಲಿ ಹೇಳಬೇಕು. ನಮ್ಮ ಮನೆಯ ಮಾತನ್ನು ಆರಿಸಿದವರು ನಿಮ್ಮ ತಮ್ಮ. ನಮ್ಮ ಮೆಟ್ಟಿಲ ಮೇಲೆ ಒಂದು ಬಿಳಿ ಬೆಕ್ಕು ಮಲಗುತ್ತಿತ್ತು, ಮೂಗಿನ ಕೆಳಗೆ ಕಪ್ಪು ಪಟ್ಟೆ. ಇವರು ಲಿಫ್ಟ್ ರಿಪೇರಿ ಮುಗಿಸಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಬಂದವರು ಅದಕ್ಕೊಂದು ಸಲ್ಯೂಟ್ ಹೊಡೆದು, "ಮೀಸೆ ಇನ್ಸ್‌ಪೆಕ್ಟರ್ ಸಾಹೇಬ್ರೇ, ಒಳಗೆ ಬಿಡ್ತೀರಾ?" ಎನ್ನುತ್ತಿದ್ದರು. ಚೂಟಿ ಬಿದ್ದು ಬಿದ್ದು ನಗುತ್ತಿದ್ದಳು. ಹಾಗಾಗಿ "ಮೀಸೆ ಇನ್ಸ್‌ಪೆಕ್ಟರ್" ಎನ್ನುವುದೇ ನಮ್ಮ ಮಾತಾಯಿತು. ಶಾಲೆಯ ಗೇಟಿನವರನ್ನು ಬಿಟ್ಟರೆ ಅದು ಗೊತ್ತಿದ್ದವರು ನಾವು ಮೂವರೇ. ಅವರು ತೀರಿಹೋದ ಮೇಲೆ ನಾನೂ ಚೂಟಿಯೂ.

ನಿನ್ನೆ ಆ ಹೊತ್ತಿಗೆ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರಕ್ಕೆ ಹಾಸುಬಟ್ಟೆ ಕೊಡುತ್ತಿದ್ದೆ. ಎರಡೂ ಕೈಯಲ್ಲಿ ಅಂಚು ಹಿಡಿದು ಬಿಗಿಯಾಗಿ ಒಳಗೆ ಬಿಡಬೇಕು. ಒಂದು ಕೈ ಸಡಿಲವಾದರೂ ಬಟ್ಟೆ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ. ಶಾಲೆಯಿಂದ ಫೋನ್ ಎಂದು ಮೇಲ್ವಿಚಾರಕಿ ಬಂದು ಹೇಳಿದಾಗ ಎರಡೂ ಕೈ ಬಿಟ್ಟೆ.

ಮಾತಾಡಿದ್ದು ಗೇಟಿನ ಆಯಾ. "ಯಾರೋ ವಯಸ್ಸಾದ ಹೆಂಗಸು ಬಂದಿದ್ರು. ಮಾತು ಸರಿಯಾಗೇ ಹೇಳಿದ್ರು, ನಂಗೆ ನಗು ಬಂತು. ಆದ್ರೆ ಕಾರ್ಡಲ್ಲಿ ಅವರ ಫೋಟೊ ಇಲ್ಲ. 'ಕೂತ್ಕೊಳ್ಳಿ, ತಾಯಿಗೆ ಫೋನ್ ಮಾಡ್ತೀನಿ' ಅಂದೆ. ತಿರುಗಿ ನೋಡೋಷ್ಟರಲ್ಲಿ ನಾಪತ್ತೆ. ಮಗು ನನ್ ಪಕ್ಕಾನೇ ಇದೆ, ಗಾಬರಿ ಆಗ್ಬೇಡಿ."

ಕೂತುಕೊಳ್ಳಿ ಎಂದಾಗ ಯಾಕೆ ಹೋದಿರಿ ಅತ್ತಿಗೆ? ನೀವು ಹೆಸರು ಹೇಳಿ ಕೂತಿದ್ದರೆ, ಆಮೇಲೆ ನಾನು ಅಷ್ಟು ಜನರನ್ನು ಅನುಮಾನದ ಕಣ್ಣಿನಲ್ಲಿ ನೋಡುತ್ತಿರಲಿಲ್ಲ. ಶಾಲೆಯ ವ್ಯಾನಿನ ಡ್ರೈವರ್ ಯಾಕೆ ಯಾವಾಗಲೂ ಮಕ್ಕಳಿಗೆ ಪೆಪ್ಪರಮೆಂಟು ಕೊಡುತ್ತಾನೆ? ಆಯಾ ಗುಟ್ಟಿನ ಮಾತನ್ನು ಹೇಳಿಕೊಂಡು ಎಲ್ಲೆಲ್ಲಿ ನಕ್ಕಿದ್ದಾಳೋ? ಬಂದ ಹೆಂಗಸು ಯಾರೆಂದು ಚೂಟಿಯನ್ನು ಕೇಳಿದೆ. "ನಾನು ನೋಡ್ಲಿಲ್ಲ" ಎಂದಳು. ಮಾತು ಯಾರಿಗೆ ಹೇಳಿದೆ ಎಂದೆ. "ಯಾರಿಗೂ ಇಲ್ಲ" ಎಂದಳು. ಎರಡು ಸಲವೂ ಕಿವಿ ಮುಟ್ಟಿಕೊಂಡಳು. ಸುಳ್ಳು ಹೇಳುವಾಗ ನಿಮ್ಮ ತಮ್ಮನೂ ಹಾಗೇ ಮಾಡುತ್ತಿದ್ದರು. ಯಾರೋ ಇವಳನ್ನು ಹೆದರಿಸಿ ಬಾಯಿ ಕಟ್ಟಿಸಿದ್ದಾರೆ ಎಂದೇ ನಾನು ತಿಳಿದೆ.

ಇವತ್ತು ಬೆಳಿಗ್ಗೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಟೀಚರ್ ನನ್ನನ್ನು ಕರೆಸಿದ್ದರು. ಚಿಕ್ಕ ಕೋಣೆ, ಬಾಗಿಲಿಗೆ ಗಾಜು, ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಮೊಣಕಾಲು ಎದೆಗೆ ಬರುವ ಹಾಗೆ ಕೂತೆ. ಮನೆಯಲ್ಲಿ ಯಾರಿದ್ದೀರಿ, ಯಾರು ಬಂದು ಹೋಗುತ್ತಾರೆ, ಯಾರಾದರೂ ನಿಮ್ಮನ್ನು ಹೆದರಿಸುತ್ತಿದ್ದಾರಾ ಎಂದು ಕೇಳುತ್ತಾ ಹೋದರು. ಚೂಟಿಗೆ ನಿದ್ದೆ ಹೇಗೆ, ಊಟ ಹೇಗೆ, ಅಪ್ಪನ ವಿಷಯ ಮನೆಯಲ್ಲಿ ಮಾತಾಡುತ್ತೀರಾ ಎಂದೂ ಕೇಳಿದರು. ಕಳ್ಳತನವಾದ ಮನೆಯವರನ್ನೇ ಠಾಣೆಯಲ್ಲಿ ಕೂರಿಸಿದ ಹಾಗೆ ಅನ್ನಿಸಿತು. ಕೊನೆಗೆ ನನಗೆ ತಡೆಯಲಾಗಲಿಲ್ಲ. "ನನ್ ಮಗೂನ ಕಿತ್ಕೊಳ್ಳೋಕೆ ದಾರಿ ಹುಡುಕ್ತಿದ್ದೀರಾ?" ಎಂದು ಕೇಳಿಯೇ ಬಿಟ್ಟೆ.

ಟೀಚರ್ ಕೋಪ ಮಾಡಿಕೊಳ್ಳಲಿಲ್ಲ. "ಅಮ್ಮಾ, ಹಾಗಿದ್ರೆ ನಿನ್ನೆ ನಿಮಗೆ ಯಾಕೆ ಫೋನ್ ಮಾಡ್ತಿದ್ವಿ? ನಿಮ್ ಕೈಗೇ ಕೊಡ್ಬೇಕು ಅಂತ ತಾನೇ ಗೇಟಲ್ಲಿ ತಡೆದಿದ್ದು?" ಎಂದರು. ಆಮೇಲೆ ಹೇಳಿದ್ದನ್ನು ನೀವು ಗಮನವಿಟ್ಟು ಓದಬೇಕು. "'ಅಮ್ಮಂಗೆ ಹೇಳ್ಬೇಡ' ಅಂತ ಯಾವ ದೊಡ್ಡವರು ಹೇಳಿದ್ರೂ, ಅವರು ಎಷ್ಟೇ ಒಳ್ಳೆಯವರಾಗಿರ್ಲಿ, ತಕ್ಷಣ ಬಂದು ಹೇಳ್ಬೇಕು ಅಂತ ನಾವು ಮಕ್ಕಳಿಗೆ ಕಲಿಸ್ತೀವಿ. ಇವಳು ಏನನ್ನೋ ಹಿಡ್ಕೊಂಡಿದ್ದಾಳೆ. ಬೈಬೇಡಿ, ಕಾಯ್ರಿ."

ಮನೆಯವರನ್ನು ಕಳೆದುಕೊಂಡವರಿಗಾಗಿ ಕುಟುಂಬ ಸಹಾಯ ಕೇಂದ್ರ ಎಂದು ಒಂದಿದೆಯಂತೆ. ಮಕ್ಕಳನ್ನು ಕೂರಿಸಿಕೊಂಡು ಆಡಿಸುತ್ತಾ ಮಾತಾಡಿಸುತ್ತಾರಂತೆ, ಶುಲ್ಕವಿಲ್ಲವಂತೆ. ಪುಕ್ಕಟೆ ಕೊಡುವವರಿಗೆ ಏನು ಲಾಭ ಎಂದು ಅದನ್ನೂ ಅನುಮಾನಿಸಿದೆ. ಆದರೂ ಚೂಟಿಯ ಸಲುವಾಗಿ ಒಂದು ಭೇಟಿ ಗೊತ್ತುಮಾಡಿಸಿಕೊಂಡು ಬಂದೆ.

ಮನೆಗೆ ಬರುವ ದಾರಿಯಲ್ಲಿ ತಲೆಯಲ್ಲಿ ಒಂದೇ ಮುಖ ಉಳಿಯಿತು: ದರ್ಜಿಯಮ್ಮ. ಶಾಲೆ ಬಿಟ್ಟು ವ್ಯಾನಿನಲ್ಲಿ ಬಂದಿಳಿದ ಮೇಲೆ ನಾನು ಬರುವವರೆಗೆ ಚೂಟಿ ಇರುವುದು ಅವಳ ಹತ್ತಿರವೇ. ಹೋದವಳೇ, "ನನ್ ಮಗಳ ಬಾಯಿ ಬಿಡಿಸಿ ಗುಟ್ಟನ್ನ ಯಾರಿಗೆ ಮಾರಿದೆ?" ಎಂದೆ. ಅವಳು ಮಿಷನ್ ತುಳಿಯುವುದನ್ನೂ ನಿಲ್ಲಿಸಲಿಲ್ಲ.

"ಮಾರೋಕೆ ನಿನ್ ಮಗಳ ಗುಟ್ಟೇನು ಬಂಗಾರದ ಜರಿನಾ? ಅವಳು ನನ್ ಹತ್ರ ಬಾಯಿ ಬಿಡೋದು ಬಿದ್ದಿರೋ ಹಲ್ಲು ತೋರ್ಸೋಕೆ ಮಾತ್ರ. ಮಾತೆಲ್ಲ ಫೋನಲ್ಲಿ."

ಯಾವ ಫೋನು ಎಂದೆ.

"ನಂದೇ. ದಿನಾ ಸಂಜೆ ಇಸ್ಕೊಂಡು ಮೆಟ್ಟಿಲ ಮೇಲೆ ಕೂತ್ಕೊಳ್ತಾಳೆ. ನಿನ್ ಜೊತೆ ಅಂತಾನೇ ಅನ್ಕೊಂಡಿದ್ದೆ ಕಣೆ. ಎಷ್ಟು ನಗ್ತಾಳೆ ಅಂತೀಯಾ!"

ಆಗ ಅವಳ ಮಿಷನ್ ನಿಂತಿತು, ನನ್ನ ಮುಖ ನೋಡಿರಬೇಕು. ಫೋನು ತೆಗೆದು ತೋರಿಸಿದಳು. ಉದ್ದಕ್ಕೂ ನಿಮ್ಮದೇ ನಂಬರು.

ನಮ್ಮ ಮನೆಯಲ್ಲಿ ಅವಳ ನಗು ಕೇಳಿ ಎಷ್ಟೋ ದಿನವಾಗಿತ್ತು. ಕೆಳಗೆ ಮೆಟ್ಟಿಲ ಮೇಲೆ ಅವಳು ದಿನವೂ ನಗುತ್ತಿದ್ದಳು. ನಿಮ್ಮ ಮೇಲೆ ನನಗೆ ಮೊದಲು ಬಂದದ್ದು ಕೋಪವಲ್ಲ, ಹೊಟ್ಟೆಕಿಚ್ಚು.

ಚೂಟಿ ಶಾಲೆಯಿಂದ ಬಂದ ಮೇಲೆ ಜಡೆ ಬಿಚ್ಚಲು ಕೂರಿಸಿಕೊಂಡೆ. ಬೆನ್ನು ನನ್ನ ಕಡೆಗಿದ್ದರೆ ಅವಳಿಗೆ ಮಾತಾಡುವುದು ಸುಲಭ. ಅತ್ತೆಯ ನಂಬರು ನೋಡಿದೆ, ಬೈಯುವುದಿಲ್ಲ ಎಂದೆ. ಎರಡನೆಯ ಜಡೆಗೆ ಕೈ ಹಾಕಿದಾಗ ಹೇಳಿದಳು:

"ನಾನೇ ಹೇಳ್ಕೊಟ್ಟೆ. ಬಾ ಅಂತ ನಾನೇ ಕರೆದೆ. ಅತ್ತೆ ಹತ್ರ ಅಪ್ಪನ ಮಾತಾಡ್ಬೋದು. ಇಲ್ಲಿ ಆಡಿದ್ರೆ ನೀನು ಅಡುಗೆಮನೆಗೆ ಹೋಗಿ ನಲ್ಲಿ ಬಿಡ್ತೀಯ."

ನೀರಿನ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಮಗುವಿಗೆ ಮೊದಲಿನಿಂದಲೂ ಕೇಳಿಸಿದೆ. ಅಪ್ಪನ ಮಾತೆತ್ತಿದರೆ ಅಮ್ಮ ಅಳುತ್ತಾಳೆ, ಹಾಗಾಗಿ ಎತ್ತಬಾರದು ಎಂದು ತಾನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಾಳೆ.

ಇಷ್ಟು ನನ್ನ ಕಡೆಯದು. ಇನ್ನು ನಿಮ್ಮ ಕಡೆಯದು. ಗೇಟಿಗೆ ಬರುತ್ತೇನೆ ಎಂದು ಒಪ್ಪಿಕೊಂಡಾಗ ನೀವು ಅವಳಿಗೆ, "ಅಮ್ಮಂಗೆ ಹೇಳ್ಬೇಡ, ಬೇಜಾರ್ ಮಾಡ್ಕೊಳ್ತಾಳೆ" ಎಂದಿರಂತೆ. ನಾನು ಕೆಲಸದಿಂದ ಬರುವ ಮೊದಲು ದರ್ಜಿಯಮ್ಮನ ಮನೆಗೆ ಬಿಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದಿರಂತೆ. ನೀವು ಅವಳಿಗೆ ಕೇಡು ಬಯಸುವವರಲ್ಲ ಎಂದು ನನಗೆ ಗೊತ್ತು. ಆದರೆ ಅತ್ತಿಗೆ, ನಾಳೆ ಇನ್ಯಾರೋ ಬಂದು ಅವಳ ಕಿವಿಯಲ್ಲಿ ಅದೇ ಮಾತು ಹೇಳಿದರೆ? ಅತ್ತೆಯೂ ಹೀಗೇ ಹೇಳಿದ್ದಳು, ಅತ್ತೆ ಒಳ್ಳೆಯವಳು, ಇವರೂ ಒಳ್ಳೆಯವರೇ ಇರಬೇಕು ಎಂದು ನಂಬಿ ಹೊರಟುಬಿಟ್ಟರೆ? ಆ ದಾರಿಯನ್ನು ಅವಳಿಗೆ ನೀವು ತೋರಿಸಿಕೊಟ್ಟಿರಿ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಅವರು ಹೋದ ವಾರದಲ್ಲೇ ನೀವು, "ಮಗೂನ ನನ್ ಹತ್ರ ಬಿಡು, ನಿನ್ ಕೈಲಾಗಲ್ಲ" ಎಂದಿರಿ. ಇನ್ನು ಈ ಮನೆಯ ಹೊಸಿಲು ತುಳಿಯಬೇಡಿ ಎಂದು ನಾನೂ ಹೇಳಿದೆ. ನಿನ್ನೆ ಗೇಟಿನಲ್ಲಿ ಅವಳನ್ನು ನಿಮ್ಮ ಕೈಗೆ ಕೊಟ್ಟಿದ್ದರೆ ಸಂಜೆಗೆ ತಂದುಬಿಡುತ್ತಿದ್ದಿರಾ? ಬಿಡುತ್ತಿದ್ದಿರಿ ಎಂದು ಮುಕ್ಕಾಲು ಪಾಲು ನಂಬುತ್ತೇನೆ. ಉಳಿದ ಕಾಲು ಪಾಲನ್ನು ನೀವೇ ಬಂದು, ನನ್ನ ಎದುರಿಗೆ ಕೂತು ತೆಗೆಯಬೇಕು. ಹೊಸಿಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಟೀಚರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಗುವನ್ನು ಕರೆದೊಯ್ಯಬಹುದಾದವರಲ್ಲಿ ನಿಮ್ಮ ಹೆಸರು ಸೇರಿಸಿ ಎಂದೂ ಹೇಳಿದೆ. ನಾಳೆ ಬೆಳಿಗ್ಗೆಯೇ ಶಾಲೆಯ ಕಚೇರಿಗೆ ಹೋಗಿ ಫೋಟೊ ಮತ್ತು ಗುರುತಿನ ಚೀಟಿ ಕೊಡಿ. ಹಳೆಯ ಗುಟ್ಟಿನ ಮಾತು ಇನ್ನು ನಡೆಯುವುದಿಲ್ಲ. ಹೊಸದನ್ನು ಚೂಟಿಯೇ ಆರಿಸಿದ್ದಾಳೆ, ಕಾಗದದಲ್ಲಿ ಬರೆಯುವ ಹಾಗಿಲ್ಲ. ಊಟವಾದ ಮೇಲೆ ನಿಮಗೆ ಫೋನ್ ಮಾಡಿ ಅವಳೇ ಹೇಳುತ್ತಾಳೆ. ನನ್ನ ಫೋನಿನಿಂದ, ನನ್ನ ಪಕ್ಕದಲ್ಲಿ ಕೂತು. ಆಮೇಲೆ ಅಪ್ಪನ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡಿ, ನಾನೂ ಕೇಳಿಸಿಕೊಳ್ಳುತ್ತೇನೆ. ನಲ್ಲಿ ಬಿಡುವುದಿಲ್ಲ ಎಂದು ಮಾತು ಕೊಡಲಾರೆ.

ನಾಳೆ ನನಗೆ ಕೆಲಸದಲ್ಲಿ ಬಿಡುವಿಲ್ಲ. ವ್ಯಾನು ಬೇಡ, ನೀವೇ ಚೂಟಿಯನ್ನು ಕರೆದುಕೊಂಡು ಬರಬೇಕು. ಸೀದಾ ನಮ್ಮ ಮನೆಗೇ ಬನ್ನಿ. ಈ ಕಾಗದ ತರುವವಳು ದರ್ಜಿಯಮ್ಮ, ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ನಾನು ಅವಳಿಗೆ ಆಡಬಾರದ್ದನ್ನು ಆಡಿದ್ದೇನೆ, ಆದರೂ ಹೊರಟಿದ್ದಾಳೆ.

ನೀವು ಹೇಗಿದ್ದೀರಿ? ಮಂಡಿನೋವು ಹೇಗಿದೆ?

ಇಂತಿ,
ನಿಮ್ಮ ತಮ್ಮನ ಹೆಂಡತಿ

ಮ.ಬ.: ಬಿಡುವಿಲ್ಲ ಎಂದು ಬರೆದದ್ದು ಸುಳ್ಳು. ನಾಳೆಗೂ ರಜೆ ಹಾಕಿದ್ದೇನೆ. ಸಹಾಯ ಕೇಂದ್ರದ ಭೇಟಿ ಚೂಟಿಗಾಗಿ ಎಂದದ್ದೂ ನಿಜವಲ್ಲ. ಅವಳ ಸರದಿ ಆಮೇಲೆ ಬರುತ್ತದೆ. ಬೆಳಿಗ್ಗೆ ಆ ಚಿಕ್ಕ ಕುರ್ಚಿಯಲ್ಲಿ ಕೂತು ನಾನು ಬಹಳ ಹೊತ್ತು ಅಳುತ್ತಿದ್ದೆ, ಟೀಚರ್ ಎದ್ದು ಬಾಗಿಲಿನ ಗಾಜಿಗೆ ಪರದೆ ಎಳೆದರು. ಭೇಟಿ ನನಗಾಗಿ, ನಾಳೆ ಮೂರು ಗಂಟೆಗೆ. ಶಾಲೆ ಬಿಡುವುದು ಮೂರೂವರೆಗೆ.