ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಮಾರ್ಚ್ 3, ಭಾನುವಾರ

ಎಂದಿನಂತೆ ಗಾಡಿ ಒರೆಸಿದೆ. ಕೆಂಪು ಬಣ್ಣ, ಇಬ್ಬರಿಗಷ್ಟೇ ಸೀಟು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕದು. ಎಲ್ಲ ಸರಿ, ಗೇರ್ ಮಾತ್ರ ಆಟೋಮ್ಯಾಟಿಕ್. ಬಾಮೈದ ಬಂದವನೇ ಬಾನೆಟ್ ಸವರಿ ಲೊಚಗುಟ್ಟಿದ. "ಸ್ಪೋರ್ಟ್ಸ್ ಕಾರಿಗೆ ಆಟೋಮ್ಯಾಟಿಕ್ಕಾ ಭಾವ? ಹುಲಿಗೆ ಬಾಟಲಿ ಹಾಲು ಕುಡಿಸಿದ ಹಾಗಿದೆ."

ಮೇಡಂ ನಕ್ಕಳು. ವರ್ಷಗಟ್ಟಲೆ ಡ್ರೈವಿಂಗ್ ಸ್ಕೂಲ್ ನಡೆಸಿದವಳು, ನಗದೆ ಇರುತ್ತಾಳೆಯೇ! "ಗೇರಿಲ್ಲದ್ದು ಗಾಡಿಯೇ ಅಲ್ಲ" ಎಂದು ಶಿಷ್ಯರಿಗೆಲ್ಲ ಹೇಳುತ್ತಿದ್ದಳು. ನಾನೂ ಆ ಶಿಷ್ಯರಲ್ಲೊಬ್ಬ. ದಿನಾ ನಾನು ತಡ. ನಮ್ಮ ಗೇಟಿನ ಮುಂದೆ ಅವಳ ಹಾರ್ನ್ ಎರಡು ಸಲ, ಆಮೇಲೆ ಬೈಗುಳ. ಅವಳನ್ನೇ ಮದುವೆಯಾದರೂ ಆ 'ಮೇಡಂ' ಬಾಯಿಂದ ಹೋಗಲಿಲ್ಲ.

ಲಾರಿ ಗುದ್ದಿ ಅವಳ ಎಡ ಮೊಣಕಾಲು ಹೋದ ಮೇಲೆ ಸ್ಕೂಲ್ ಮುಚ್ಚಿತು. ಆ ಕಾಲು ಇನ್ನು ಕ್ಲಚ್ ತುಳಿಯದು ಎಂದು ಡಾಕ್ಟರು ಹೇಳಿಬಿಟ್ಟರು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ.

ಮಾರ್ಚ್ 6, ಬುಧವಾರ

ಮೆಕ್ಯಾನಿಕ್ ಫೋನ್. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಸಿಕ್ಕಿದೆ! ನನ್ನದೇ ಮಾಡೆಲ್, ಕ್ಲಚ್ ಪೆಡಲ್ ಸಮೇತ. ಆದರೆ ಬದಲಿಗೆ ನನ್ನ ಆಟೋಮ್ಯಾಟಿಕ್ ಬಾಕ್ಸ್ ಅದನ್ನು ಮಾರುವವರಿಗೆ ಕೊಡಬೇಕು.

"ಯೋಚನೆ ಮಾಡಿ ಸಾರ್. ಕೊಟ್ಟ ಮೇಲೆ ಮತ್ತೆ ಬೇಕು ಅಂದ್ರೆ ಎಲ್ಲೂ ಸಿಗಲ್ಲ. ಶನಿವಾರದೊಳಗೆ ಹೇಳಿಬಿಡಿ, ಇನ್ನೊಬ್ರು ಕಣ್ಣು ಹಾಕಿದ್ದಾರೆ."

ಮನಸ್ಸು ಕುಣಿಯುತ್ತಿದೆ. ಬಾಮೈದನ ಮಾತಿಗಲ್ಲ. ಮೇಡಂ ಪಕ್ಕದಲ್ಲಿ ಕೂತು ಮತ್ತೆ "ಥರ್ಡ್ ಹಾಕಿ, ಕ್ಲಚ್ ಮೇಲೆ ಕಾಲಿಟ್ಟು ಮಲಗ್ಬೇಡಿ" ಎಂದು ಬೈಯಬೇಕು. ಆ ಹಳೆಯ ದನಿ ಕೇಳಿ ಎಷ್ಟು ಕಾಲವಾಯಿತು... ಈಗ ಗಾಡಿಯಲ್ಲಿ ಕೂತರೆ ಬಾಯಿಗೆ ಬೀಗ. ಇದು ಅವಳಿಗೇ ಉಡುಗೊರೆ. ಹೇಳಿದರೆ ನಾಟಕ ಎನ್ನುತ್ತಾಳೆ.

ಮಾರ್ಚ್ 7, ಗುರುವಾರ

ಅಂಗಡಿಯಲ್ಲಿ ರಷ್. ಕನ್ನಡಕದವನ ಬದುಕು — ಬೆಳಗಿನಿಂದ ಸಂಜೆತನಕ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎನ್ನುವುದೇ ಕೆಲಸ. ಮನೆಗೆ ಬಂದು ಗೇರ್‌ಬಾಕ್ಸ್ ವಿಷಯ ಮೇಡಂಗೂ ಅದೇ ಧಾಟಿಯಲ್ಲಿ ಕೇಳಿದೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಹಾಕಿಸಿ ರೀ. ನಿಮಗೆ ಖುಷಿ ತಾನೇ."

ಅಂಗಿಯ ಕಾಲರ್ ಮೇಲೆ ಇನ್ನೊಂದು ಸಲ ಇಸ್ತ್ರಿ ಎಳೆದಳು. "ಕೆಲಸ ಯಾವಾಗ ಶುರು?"

"ಶನಿವಾರವೇ."

"ಅಷ್ಟು ಬೇಗನಾ?"

ಅಷ್ಟೇ. ಒಪ್ಪಿದಳು. ಆದರೂ ನನಗೇಕೋ ಹಾಲು ಕುಡಿದಷ್ಟು ಸಂತೋಷವಾಗಲಿಲ್ಲ.

ಮಾರ್ಚ್ 9, ಶನಿವಾರ. ಸಂಜೆ

ಇಂದೇ ಬರೆದುಬಿಡಬೇಕು.

ಗ್ಯಾರೇಜಿನಲ್ಲಿ ಸೀಟು ಬಿಚ್ಚಿದರು. ನೆಲದ ಮ್ಯಾಟ್ ಹೊರಗೆಳೆದ ಮೆಕ್ಯಾನಿಕ್, ಪಕ್ಕದ ಸೀಟಿನದನ್ನು ಬೆಳಕಿಗೆ ಹಿಡಿದ. "ಸಾರ್, ಈ ಕಡೆ ಪೆಡಲ್ಲೇ ಇಲ್ಲ. ಮ್ಯಾಟ್ ಯಾಕೆ ಹಿಂಗೆ ಸವೆದಿದೆ?"

ನಕ್ಕೆ. ಮೇಡಂ ಕಾಲು. ನಾನು ಓಡಿಸುವಾಗ ಅವಳು ನೆಲ ತುಳಿಯುವುದು ಹೊಸದಲ್ಲ. "ಜೀವಭಯಾನಾ ಮೇಡಂ?" ಎಂದು ಎಷ್ಟು ಸಲ ಕಾಲೆಳೆದಿದ್ದೇನೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಆಮೇಲೆ ಕನ್ನಡಕ ಮೇಲೇರಿಸಿ ಹತ್ತಿರದಿಂದ ನೋಡಿದೆ. ಸವಕಲು ಒಂದಲ್ಲ, ಎರಡು. ಒಂದು ಬ್ರೇಕ್ ಇರಬೇಕಾದ ಜಾಗದಲ್ಲಿ. ಇನ್ನೊಂದು ಅದರ ಬಲಕ್ಕೆ, ಆಕ್ಸಿಲರೇಟರ್ ಇರಬೇಕಾದ ಜಾಗದಲ್ಲಿ.

ಹೆದರಿದವರು ಆಕ್ಸಿಲರೇಟರ್ ತುಳಿಯುತ್ತಾರೆಯೇ?

ಇಷ್ಟು ದಿನ ಅವಳು ಪಕ್ಕದಲ್ಲಿ ಕೂತು ಗಾಡಿ ಓಡಿಸುತ್ತಿದ್ದಳು. ಒಂದೇ ಕಾಲಲ್ಲಿ. ಅದೂ ಒಂದು ಕಾಲು ಸಾಕಾಗುವ ಗಾಡಿಯಲ್ಲಿ! ಅದಕ್ಕೆ ಕ್ಲಚ್ ಹಾಕಿಸಲು ಹೊರಟಿದ್ದೆ ನಾನು. ಊರಿನವರ ಕಣ್ಣು ಪರೀಕ್ಷೆ ಮಾಡುವ ನನ್ನ ಕಣ್ಣಿಗೆ ಮಣ್ಣು ಬೀಳಲಿ.

"ಸೀಟು ವಾಪಸ್ ಹಾಕಿ. ಗೇರ್‌ಬಾಕ್ಸ್ ಬೇಡ" ಎಂದೆ. ಮೆಕ್ಯಾನಿಕ್ ಬೈಯಲಿಲ್ಲ. ಜೊತೆಗೆ ಬಂದಿದ್ದ ಬಾಮೈದ ಮುಖ ಊದಿಸಿಕೊಂಡ.

ಮನೆಗೆ ಬಂದು ಮೇಡಂ ಮುಂದೆ ಕೀಲಿ ಹಿಡಿದೆ. "ನೀನು ಓಡಿಸು. ಎಡಗಾಲಿಗೆ ಕೆಲಸವೇ ಇಲ್ಲ."

ಉರಿದುಬಿದ್ದಳು. "ಕನಿಕರಾನಾ? ಯಾರು ಕೇಳಿದ್ರು ನಿಮ್ಮನ್ನ? ಜನ್ಮವಿಡೀ ಆಟೋಮ್ಯಾಟಿಕ್ಕನ್ನ ಆಡಿಕೊಂಡವಳು ನಾನು. ಶಿಷ್ಯರು ನೋಡಿದ್ರೆ ನಗ್ತಾರೆ."

"ಒಬ್ಬ ಶಿಷ್ಯ ಇಲ್ಲೇ ಇದ್ದಾನಲ್ಲ. ನಗ್ತಿದ್ದಾನಾ?"

ಕೀಲಿ ಕಿತ್ತುಕೊಂಡು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಒಳಗೆ ಹೋದಳು. ಮ್ಯಾಟ್ ವಿಷಯ ಎತ್ತಲಿಲ್ಲ ನಾನು. ಅದು ಅವಳದು.

ಮಾರ್ಚ್ 14, ಗುರುವಾರ

ಗೇರ್‌ಬಾಕ್ಸ್ ಇನ್ನೊಬ್ಬರ ಪಾಲಾಯಿತಂತೆ. ಒಂದು ಗಳಿಗೆ ಬೇಸರವಾಯಿತು, ಸುಳ್ಳೇಕೆ. ಕೀಲಿ ಇನ್ನೂ ಮೊಳೆಯಲ್ಲೇ. ಗಾಡಿ ಧೂಳು ತಿನ್ನುತ್ತಿದೆ. ನಾನೂ ಮುಟ್ಟುವುದಿಲ್ಲ. ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ. ಇವಳು ಒಪ್ಪದಿದ್ದರೆ... ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಇರಲಿ. ಆದರೂ ನಮ್ಮ ಬಾಕ್ಸ್ ಕೊಡಲಿಲ್ಲವಲ್ಲ ಎಂಬ ಸಮಾಧಾನವಿದೆ.

ಮಾರ್ಚ್ 17, ಭಾನುವಾರ. ಬೆಳಿಗ್ಗೆ

ಕಾಫಿ ಟೇಬಲ್ ಮೇಲೆ ಆರಿಹೋಗಿದೆ. ಮೇಡಂ ಕಾಣಿಸುತ್ತಿಲ್ಲ. ಹಿತ್ತಲಲ್ಲಿರಬೇಕು. ನೆನ್ನೆ ಬಾಮೈದ ರಾಜಿಗೆ ಬಂದಿದ್ದ, ಅಕ್ಕನ ಹತ್ತಿರ ಏನೋ ಗುಸುಗುಸು. ನನ್ನನ್ನು ನೋಡಿ ಇಬ್ಬರೂ ಮಾತು ಬದಲಿಸಿದರು. ಇಂದು ಗಾಡಿ ಒರೆಸಬೇಕು, ಪಾಪ, ಎಷ್ಟು ದಿನ ಅಂತ ಹಾಗೇ—

ಇದೇನು, ಮೊಳೆಯಲ್ಲಿ ಕೀಲಿಯಿಲ್ಲ.

ಎಂಜಿನ್ ಸದ್ದು. ಗೇಟಿನ ಹತ್ತಿರ.

ಹಾರ್ನ್. ಎರಡು ಸಲ. ಈಗ ಬೈಗುಳ ಶುರು: "ಇವತ್ತೂ ಲೇಟಾ ನೀವು?"

ಬಂದೆ ಮೇಡಂ, ಬಂದೆ, ಚಪ್ಪಲಿ ಎಲ್ಲಿ ಹಾಳಾ—